ಇಪ್ಪತ್ತೈದು ಅಕ್ಷರದ ಕೌದಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ನಾನೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಜ್ಯೂಲಿ ಹೇಳುತ್ತಾಳೆ, ಅದೂ ನಾಲ್ಕು ಮಂದಿಯ ಮುಂದೆ, ನನ್ನ ಮೂಗು ಹೇಗೆ ಉಬ್ಬುತ್ತದೆ ಎಂದು ಮಾಡಿ ತೋರಿಸುತ್ತ. "ನಮ್ಮ ಸುಮಿತಾ ಅಕ್ಕೋರ ಸಿಟ್ಟ ಅಂದ್ರ ಹಾಲ ಉಕ್ಕಿಧಾಂಗ ನೋಡ್ರಿ. ಬಗ್ಗಿ ಊದೂದ್ರಾಗ ಇಳದಿರತೈತಿ" ಎನ್ನುತ್ತಾಳೆ. ಅವಳ ಮಾತು ಕೇಳಿ ಎಲ್ಲರೂ ನಗುತ್ತಾರೆ, ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ನಾನು ಮುಂಡಗೋಡ ತಾಲೂಕಿನ ಅತ್ತಿವೇರಿಯವಳು. ಕೆಲಸ ಮಾತ್ರ ಹಳಿಯಾಳದ ಆಚೆ, ಗೋವಿನಜೋಳದ ಹೊಲ ಮುಗಿದು ಕಾಡು ಸುರುವಾಗುವ ಕಡೆ ಇರುವ ಒಂದು ಸರಕಾರಿ ಶಾಲೆಯಲ್ಲಿ. ಅಲ್ಲಿ ಐದರಿಂದ ಏಳನೇ ಇಯತ್ತೆಯವರೆಗೆ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತಾರೆ, ಹಾಗಾಗಿ ನಾನು ಊರಿಗೆಲ್ಲ ಸುಮಿತಾ ಅಕ್ಕೋರು. ಜ್ಯೂಲಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಊರ ಅಂಚಿನ ಸಿದ್ದಿಗಳ ಕೇರಿಯಲ್ಲಿ ಮನೆ, ಅದಕ್ಕೆ ವಾಡೆ ಅನ್ನುತ್ತಾರೆ. ನಲವತ್ತರ ಆಸುಪಾಸು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ನಕ್ಕರೆ ಬಸ್‌ಸ್ಟ್ಯಾಂಡಿಗೆ ಕೇಳಬೇಕು. ಮಕ್ಕಳಿಗೆ ಅವಳು ಜ್ಯೂಲಕ್ಕ. ಅನ್ನ ಬಡಿಸುವಾಗ ಯಾರು ಮನೆಯಲ್ಲಿ ಬೆಳಿಗ್ಗೆ ಉಂಡಿಲ್ಲ ಎಂಬುದು ಅವಳಿಗೆ ಮುಖ ನೋಡಿಯೇ ಗೊತ್ತಾಗುತ್ತದೆ.

ಈ ಜ್ಯೂಲಿಯ ಕತೆ ಹೇಳಬೇಕಾದರೆ ಐದು ಮನೆಯ ಆಟದಿಂದ ಸುರು ಮಾಡಬೇಕು.

ಇಂಗ್ಲಿಷ್ ಅಂದರೆ ನಮ್ಮ ಮಕ್ಕಳು ನೆಲ ನೋಡುತ್ತಿದ್ದರು. ಎದ್ದು ನಿಂತು ಓದು ಅಂದರೆ ಒಬ್ಬನಿಗೆ ಹೊಟ್ಟೆ ನೋವು, ಇನ್ನೊಬ್ಬಳಿಗೆ ಕಣ್ಣುರಿ. ಒಂದು ದಿನ ತಲೆ ಕೆಟ್ಟು ಪುಸ್ತಕ ಮುಚ್ಚಿ ಎಸೆದೆ. ಬೋರ್ಡಿನ ಮೇಲೆ ಒಂದರ ಪಕ್ಕ ಒಂದು ಐದು ಚೌಕ ಎಳೆದೆ. ಕೊನೆಯ ಎರಡು ಚೌಕದಲ್ಲಿ ಇ, ಆರ್ ಎಂದು ಬರೆದೆ.

"ಇವು ಐದ ಮನಿ" ಎಂದೆ. "ಕಡೀ ಎರಡ ಮನ್ಯಾಗ ಇ ಮತ್ತ ಆರ್ ಬಂದ ಕುಂತಾವ. ಮೊದಲಿನ ಮೂರ ಮನಿ ಖಾಲಿ. ಅಲ್ಲಿ ಯಾರನ್ನ ಕರದ ಕುಂದ್ರಸ್ತೀರಿ ಹೇಳ್ರಿ. ಒಂದ ಅಕ್ಷರ ಹೆಚ್ಚ ಆದ್ರೂ ನಡ್ಯೂದಿಲ್ಲ, ಕಡಿಮಿ ಆದ್ರೂ ನಡ್ಯೂದಿಲ್ಲ."

ಎಲ್ಲ ಬೆರಳು ಮಡಚಿ ಎಣಿಸತೊಡಗಿದರು. ಆಮೇಲೆ ಆರನೇ ಇಯತ್ತೆಯ ನಸ್ರೀನ ಎದ್ದಳು. "ಟೈಗರ್ ರೀ." ಎಣಿಸಿದೆವು. ಟಿ, ಐ, ಜಿ, ಇ, ಆರ್. ಐದೇ ಐದು. ಹುಲಿಯ ಕಾಡಿನ ಬಾಯಲ್ಲಿ ಬೆಳೆದ ಮಕ್ಕಳು, ಹುಲಿ ಸರಿಯಾಗಿ ಐದು ಮನೆಯಲ್ಲಿ ಹಿಡಿಸಿತು ಎಂದು ಕುಣಿದಾಡಿಬಿಟ್ಟರು. ಅದರ ಬೆನ್ನಿಗೇ ಯಾರೋ ಹಿಂದಿನಿಂದ "ರಿವರ್" ಎಂದರು. ಅದೂ ಐದು. ಅಂದಿನಿಂದ ನನ್ನ ತರಗತಿಯಲ್ಲಿ ಎರಡು ಕಾಯ್ದೆ ಬಂದವು. ತಡವಾಗಿ ಬಂದವರು ಐದಕ್ಷರದ ಒಂದು ಇಂಗ್ಲಿಷ್ ಶಬ್ದ ಹೇಳಿಯೇ ಒಳಗೆ ಕಾಲಿಡಬೇಕು. ಮತ್ತೆ, ಮಂದಿಯ ಹೆಸರು ನಡೆಯುವುದಿಲ್ಲ. ಆ ಎರಡನೆಯ ಕಾಯ್ದೆ ಮಾಡದಿದ್ದರೆ ಈ ಮಕ್ಕಳು ತಮ್ಮ ಕಾಕಾ, ಮಾಮಾ, ಮನೆಯ ನಾಯಿ ಎಲ್ಲರನ್ನೂ ತಂದು ಚೌಕದಲ್ಲಿ ಕೂಡಿಸುತ್ತಿದ್ದರು.

ಅಡುಗೆ ಮನೆ ನನ್ನ ತರಗತಿಯ ಗೋಡೆಗೇ ಹತ್ತಿಕೊಂಡಿದೆ. ಕಿಟಕಿ ಒಂದೇ. ಎರಡನೇ ದಿನವೋ ಮೂರನೇ ದಿನವೋ ಆ ಕಿಟಕಿಯಿಂದ ಒಂದು ಸೌಟು ಒಳಗೆ ಬಂತು, ಅದರ ಹಿಂದೆ ಜ್ಯೂಲಿಯ ಮುಖ.

"ಅಕ್ಕೋರ, ಪೇಪರ್ ನಡೀತೈತೇನ್ರಿ? ದಾಂಡೇಲಿ ಮಿಲ್ಲಿನ ಪೇಪರ್? ನಮ್ಮ ಅಪ್ಪ ಅದಕ್ಕ ಬಿದಿರ ಲೋಡ್ ಮಾಡಾಕ ಹೋಗ್ತಿದ್ದ ರೀ. ಐದ ಅದಾವೇನ್ ನೋಡ್ರಿ."

ನೋಡಿದೆ. ಐದೇ ಇದ್ದವು, ಕೊನೆಗೆ ಇ ಮತ್ತು ಆರ್. ಮಕ್ಕಳು ಹೋ ಎಂದು ಚಪ್ಪಾಳೆ ಹೊಡೆದರು. ಜ್ಯೂಲಿ ಸೌಟು ಎತ್ತಿ ಸಲಾಮು ಹೊಡೆದು ಒಳಗೆ ಹೋದಳು. ಮರುದಿನ ಕೊಡ ತುಂಬುತ್ತ "ವಾಟರ್" ಎಂದಳು. ಮತ್ತೊಂದು ದಿನ ಅಡುಗೆ ಮನೆಯ ಬಲ್ಬು ಆರಿಹೋಯಿತು. "ಸೂಪಾ ಡ್ಯಾಮ್ ಬಾಜೂಕ ಇಟಗೊಂಡ ನಮಗ ಪವರ್ ಇಲ್ಲ ನೋಡ್ರಿ!" ಎಂದು ಒಳಗಿನಿಂದ ಕೂಗಿದಳು. ಅವಳು ಬೈದದ್ದು ಕರೆಂಟಿನವರಿಗೆ. ನಾನು ಬೋರ್ಡಿನ ಮೇಲೆ ಪವರ್ ಎಂದು ಬರೆದೆ. ಅದೂ ಐದೇ.

ನಿಜ ಹೇಳಬೇಕೆಂದರೆ ಅವಳಿಗೆ ಇಂಗ್ಲಿಷಿನ ಒಂದು ಅಕ್ಷರವೂ ಗುರುತಿರಲಿಲ್ಲ. ನಾಲ್ಕನೆಯದಕ್ಕೆ ಶಾಲೆ ಬಿಟ್ಟವಳು. ಆಗೆಲ್ಲ ಇಂಗ್ಲಿಷ್ ಸುರುವಾಗುತ್ತಿದ್ದದ್ದು ಐದನೇ ಇಯತ್ತೆಗೆ. "ಇಂಗ್ಲಿಷ್ ಬರೂ ವರ್ಷಕ್ಕ ನಾ ಎಮ್ಮಿ ಕಾಯಾಕ ಹ್ವಾದೆ ರೀ. ಅದರ ಮಾರಿನ ನಾ ನೋಡಿಲ್ಲ, ನನ್ನ ಮಾರಿ ಅದು ನೋಡಿಲ್ಲ" ಎಂದು ನಗುತ್ತಾಳೆ. ಅವಳು ಬಾಯಿಗೆ ಬಂದ ಶಬ್ದ ಹೇಳುವುದು, ನಾನು ಎಣಿಸುವುದು. ಆರು ಬಂದರೆ ಹಣೆ ಬಡಿದುಕೊಳ್ಳುವಳು. "ಟೊಮ್ಯಾಟೊ ಒಂದ ಅಕ್ಷರಕ್ಕ ಹೋತೇನ್ರಿ? ಹಾಳಾಗಿ ಹೋಗ್ಲಿ ಅದು."

ಒಂದು ಸಂಜೆ ಮಕ್ಕಳು ಹೋದ ಮೇಲೆ ಬೋಗುಣಿ ತಿಕ್ಕುತ್ತ ಕೂತವಳು ತಟ್ಟನೆ ಕೈ ನಿಲ್ಲಿಸಿದಳು.

"ಅಕ್ಕೋರ, ಒಂದ ಮಾತ ಹೇಳ್ತೇನಿ, ನಗಬ್ಯಾಡ್ರಿ. ಈ ಸಾಲ್ಯಾಗ ನಾ ನೆಲಾ ಸಾರಿಸೇನಿ, ಅನ್ನಾ ಮಾಡೇನಿ, ಪ್ಯೂನ್ ಬರದಿದ್ರ ಗಂಟೀನೂ ಹೊಡದೇನಿ. ಆದ್ರ ಆ ಬೋರ್ಡಿನ ಮುಂದ ಒಮ್ಮಿನೂ ನಿಂತಿಲ್ಲ. ಒಂದ ಸರತಿ ನಿಂದ್ರಬೇಕ್ರಿ. ಒಬ್ರರ ನನಗ ಅಕ್ಕೋರ ಅನ್ನಬೇಕು. ಅಷ್ಟ."

"ನಿಂತ ಏನ್ ಕಲಸ್ತಿ?"

"ಕೌದಿ ರೀ. ಮತ್ತೇನ ಬರತೈತಿ ನನಗ?"

ನಗಲಿಲ್ಲ. ಕೌದಿ ಅವಳಿಗೆ ಎಷ್ಟು ಬರುತ್ತದೆ ಎಂಬುದು ನಾನು ನೋಡಿದ್ದೆ. ಹಳೆಯ ಸೀರೆ ನೆಲಕ್ಕೆ ಹಾಸಿ, ಅಂಗಿ, ಲುಂಗಿ, ಲಂಗ ಹರಿದ ತುಂಡು ಜೋಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನಮ್ಮ ಅವ್ವ ಹೊಲಿಯುತ್ತಿದ್ದ ಕೌದಿಯ ಹಾಗಲ್ಲ. ಅವರು ಒಂದು ಮೂಲೆಯಲ್ಲಿ ಸೂಜಿ ಚುಚ್ಚಿದರೆಂದರೆ ಅಂಚು ಹಿಡಿದು ಸುತ್ತುತ್ತ, ಸುತ್ತುತ್ತ ಒಳಗೆ ಬರುತ್ತಾರೆ. ಕಡೆಯ ತುಂಡು ಬೀಳುವುದು ನಟ್ಟ ನಡುವೆ. ಅದು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮೊದಲು ನಾಲ್ಕು ಅಗುಳು ಅನ್ನ ಇಡಬೇಕು. ಹೊದೆಯುವವರ ಹೊಟ್ಟೆ ಎಂದೂ ಖಾಲಿ ಇರಬಾರದಲ್ಲ, ಅದಕ್ಕೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂ ಕೂಡಿಸಬೇಕು. ಹೂ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ.

ಜ್ಯೂಲಿಗೆ ಇದನ್ನೆಲ್ಲ ಕಲಿಸಿದ್ದು ಪಕ್ಕದ ಮನೆಯ ಸೋನುಬಾಯಿ. ಮುದುಕಿ, ಒಂದು ಕಡೆ ದಾರ ಕಟ್ಟಿದ ಚಾಳೀಸು ಕನ್ನಡಕ, ನಾಲಿಗೆ ಮಾತ್ರ ಹೊಸ ಸೂಜಿ. ಜ್ಯೂಲಿ ಅವಳಿಗೆ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾಳೆ. ಅಕ್ಕೋರು ಆಗುವ ಆಸೆ ಕಿವಿಗೆ ಬಿದ್ದದ್ದೇ ತಡ, ಸೋನುಬಾಯಿ ಬೊಚ್ಚು ಬಾಯಿ ತೆರೆದು ನಕ್ಕಳು.

"ಅಗ ಪೋರಿ, ನಿನ್ನ ಹೊಲಿಗಿ ಇನ್ನೂ ಸೊಟ್ಟ ಐತಿ. ನನ್ನ ಹತ್ರ ಕಲಿಯೂದ ಮುಗದಿಲ್ಲ, ಇಕಿ ಮಂದಿಗಿ ಕಲಸ್ತಾಳಂತ! ದೊಡ್ಡ ಅಕ್ಕೋರು!"

"ಮುಗಸಾಕ ನೀ ಬಿಟ್ಟರ ತಾನ" ಎಂದು ಜ್ಯೂಲಿ ಹಲ್ಲು ಕಡಿದಳು.

ತಿಂಗಳಿಗೊಂದು ಶನಿವಾರ ಮಕ್ಕಳು ಬ್ಯಾಗ್ ಇಲ್ಲದೆ ಬರುವ ಪದ್ಧತಿ ಈಗ ಸುರುವಾಗಿದೆಯಲ್ಲ, ಆ ದಿನ ಒಂದು ಪಿರಿಯಡ್ ಜ್ಯೂಲಿಗೆ ಕೊಡಿ ಎಂದು ನಾನು ಮುಖ್ಯೋಪಾಧ್ಯಾಯರ ಹತ್ತಿರ ಹೋದೆ. ಮಹಾಬಳೇಶ್ವರ ಸರ್ ಶಿರಸಿ ಕಡೆಯವರು, ಮೆತ್ತಗಿನ ಮನುಷ್ಯ, ಯಾವುದಕ್ಕೂ ಇಲ್ಲ ಅನ್ನುವುದಿಲ್ಲ, ಹೌದು ಅಂತಲೂ ಅನ್ನುವುದಿಲ್ಲ. ಅವರ ಪಕ್ಕದಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಮಹಾಂತಪ್ಪ ಕೂತಿದ್ದರು. ಹಳಿಯಾಳದಲ್ಲಿ ಗೋವಿನಜೋಳದ ವ್ಯಾಪಾರ. ಮಾತು ಒರಟು, ಆದರೆ ಶಾಲೆಯ ಹೆಂಚು ಒಡೆದರೆ ಕೇಳದೆಯೇ ಕಳಿಸುವವರು.

"ಅಡಗಿ ಮನ್ಯಾಕಿ ಕ್ಲಾಸಿನ್ಯಾಗ ಹೊಕ್ಕರ ಸಾಂಬಾರ ಯಾರ ನೋಡ್ತಾರ್ರೀ?" ಎಂದರು ಮಹಾಂತಪ್ಪ.

"ಸಾಂಬಾರ ನಾನ ನೋಡ್ತೇನಿ" ಎಂದೆ, ಮೂಗು ಉಬ್ಬಿಸಿ.

ಮಹಾಬಳೇಶ್ವರ ಸರ್ ನಡುವೆ ಬಂದರು. "ಸಿಟ್ಟು ಬೇಡ ಟೀಚರೇ. ಓದುವ ಕೋಣೆ ತಯಾರಾಗ್ತಾ ಇದೆ, ನೆಲಕ್ಕೆ ಹಾಸಲಿಕ್ಕೆ ಏನೂ ಇಲ್ಲ. ಜ್ಯೂಲಿ ಅದಕ್ಕೊಂದು ಕೌದಿ ಹೊಲೀಲಿ. ಉದ್ಘಾಟನೆ ದಿನ ಎಲ್ಲರೂ ನೋಡುವ. ಚಂದ ಬಂತು ಅಂದರೆ ಶನಿವಾರದ ಪಿರಿಯಡ್ ಅವಳದ್ದು."

"ಕೆಟ್ಟ ಬಂತಂದ್ರ ಮತ್ತ ಈ ಮಾತ ಎತ್ತಬಾರದು" ಎಂದರು ಮಹಾಂತಪ್ಪ.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಚೆನ್ನಾಗಿತ್ತು. ಜ್ಯೂಲಿ ಕಣ್ಣು ಮುಚ್ಚಿ ಹೊಲಿದರೂ ಚಂದದ ಕೌದಿ ಬರುತ್ತಿತ್ತು. ನನಗೆ ಸುಮ್ಮನಿರಲಾಗಲಿಲ್ಲ. "ಕೌದಿ ಮೇಲೆ ಇಂಗ್ಲಿಷ್ ಅಕ್ಷರ ಇರ್ತಾವೆ ಸರ್. ಮಕ್ಕಳ ಆಟದ ಐದು ಶಬ್ದ. ಸಾಲಿಗೊಂದು" ಎಂದುಬಿಟ್ಟೆ. ಇಬ್ಬರೂ ತಲೆ ಆಡಿಸಿದರು.

ಶಬ್ದಗಳನ್ನು ಆರಿಸಿದ್ದು ಮಕ್ಕಳೇ. ಟೈಗರ್, ರಿವರ್, ಪೇಪರ್, ವಾಟರ್, ಪವರ್. ಎಲ್ಲಕ್ಕೂ ಐದಕ್ಷರ, ಎಲ್ಲದರ ಬಾಲಕ್ಕೂ ಇ, ಆರ್. ಒಂದರ ಕೆಳಗೆ ಒಂದು ಇಟ್ಟರೆ ಬಲಗಡೆ ಎರಡು ಕಂಬ ನಿಲ್ಲಿಸಿದ ಹಾಗೆ ಕಾಣುತ್ತಿತ್ತು, ಮತ್ತೆ ನಮ್ಮ ಹುಲಿ, ಹೊಳೆ, ಕಾಗದ, ನೀರು, ಕರೆಂಟು ಎಲ್ಲವೂ ಒಂದೇ ಕೌದಿಯಲ್ಲಿ ಬಂದುಬಿಡುತ್ತಿದ್ದವು. ಹಳಿಯಾಳದ ಟೇಲರ್ ಹತ್ತಿರ ಇಪ್ಪತ್ತೈದು ಬಿಳಿ ಬಟ್ಟೆಯ ಚೌಕಕ್ಕೆ ಕಪ್ಪು ಬಟ್ಟೆಯ ಅಕ್ಷರ ಕೂಡಿಸಿ ತಂದೆ. ಜ್ಯೂಲಿಗೆ ಅಕ್ಷರ ಗೊತ್ತಿಲ್ಲವಲ್ಲ, ಹಿಂದೆ ಮುಂದೆ ಆಗಬಾರದು ಎಂದು ಎಲ್ಲವನ್ನೂ ಸಾಲಾಗಿ ಒಂದೇ ದಾರದಲ್ಲಿ ಮಾಲೆಯ ಹಾಗೆ ಪೋಣಿಸಿದೆ. ಪ್ರತಿ ಅಕ್ಷರದ ತಲೆಯ ಕಡೆ ಕೆಂಪು ನೂಲಿನ ಚುಕ್ಕೆ ಹಾಕಿದೆ, ತಲೆಕೆಳಗು ಆಗಬಾರದೆಂದು. ಇಷ್ಟು ಜಾಣತನ ಮಾಡಿದ ಮೇಲೆ ಇನ್ನೇನು ತಪ್ಪಲು ಸಾಧ್ಯ ಹೇಳಿ?

ಜ್ಯೂಲಿ ಮಾಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ಕೆಂಪ ಚುಕ್ಕಿ ಮ್ಯಾಲ. ಗೊತ್ತಾತು. ಮೂಲಿಯಿಂದ ಸುರು ಮಾಡೂದಲ್ಲರಿ?"

"ಹೂಂ. ಎಡಗಡಿ ಮ್ಯಾಲಿನ ಮೂಲಿ."

"ಆಮ್ಯಾಲ ಹಿಂಗ ಸಾಲ ಹಿಡಕೊಂಡ ಹೋಗೂದು?"

"ಹೌದ. ದಾರದಾಗ ಹೆಂಗ ಐತಿ ಹಂಗ ಸಾಲ ಹಿಡಕೊಂಡ ಹೋಗು. ಒಂದೂ ತಪ್ಪಬಾರದು."

"ಜಪಸರದ ಮಣಿ ಎಣಿಸಿಧಾಂಗ ಎಣಿಸಿ ಹಾಕ್ತೇನಿ ರೀ. ನೀವ ಚಿಂತಿ ಬಿಡ್ರಿ."

ಸಂಕ್ರಾಂತಿ ಮುಗಿದ ಬಿಸಿಲು. ವಾಡೆಯ ಕಟ್ಟೆಯ ಮೇಲೆ ಹೆಂಗಸರು ಸುತ್ತ ಕೂತು ಹೊಲಿಯತೊಡಗಿದರು. ಅಂಚಿಗೆಲ್ಲ ಬಣ್ಣ ಬಣ್ಣದ ತುಂಡು, ಒಳಗೆ ನನ್ನ ಅಕ್ಷರ. ನಾನು ಎರಡು ಸಲ ಹೋದರೂ ಕೌದಿಯ ಮೇಲೆ ನಾಲ್ಕು ಜನರ ಮೊಣಕಾಲು, ಎಲೆ ಅಡಿಕೆಯ ತಟ್ಟೆ, ಒಂದು ಬೆಕ್ಕು. ಅಕ್ಷರ ಕಾಣಲೇ ಇಲ್ಲ. ಕಂಡದ್ದು ಸೋನುಬಾಯಿಯ ನಾಲಿಗೆ ಮಾತ್ರ. "ಅಕ್ಕೋರ ಹೊಲಿಗಿ ನೋಡ್ರಿ, ಎತ್ತು ಉಚ್ಚಿ ಹೊಯ್ದಾಂಗ" ಎಂದು ಜ್ಯೂಲಿಯ ಹೊಲಿಗೆ ಬಿಚ್ಚಿಸುತ್ತಿದ್ದಳು. ಜ್ಯೂಲಿ ಬೈದುಕೊಳ್ಳುತ್ತ ಮತ್ತೆ ಹಾಕುತ್ತಿದ್ದಳು.

ಉದ್ಘಾಟನೆಯ ಹಿಂದಿನ ದಿನ ಜ್ಯೂಲಿ ಕೌದಿಯನ್ನು ಮಡಚಿ ತಲೆಯ ಮೇಲೆ ಹೊತ್ತು ತಂದಳು. ನಾನು ಮೇಲಿನ ಮಡಿಕೆ ನೋಡಿದೆ. ಮೊದಲ ಸಾಲು ಟೈಗರ್. ಸೊಗಸಾಗಿತ್ತು. ಎರಡನೇ ಸಾಲು ವಾಟರ್. ನಾನು ಪೋಣಿಸಿದ್ದು ಎರಡನೆಯದು ರಿವರ್ ಆಗಿತ್ತಲ್ಲ ಎಂದು ಒಂದು ಗಳಿಗೆ ಅನಿಸಿತು. ಹೋಗಲಿ, ಸಾಲು ಅದಲುಬದಲು ಆಗಿರಬೇಕು, ಹೊಳೆಯಾದರೇನು ನೀರಾದರೇನು ಎಂದುಕೊಂಡೆ.

"ಪೂರಾ ಬಿಚ್ಚಿ ನೋಡೂದಿಲ್ಲೇನ್ರಿ?" ಎಂದಳು ಜ್ಯೂಲಿ.

"ನಾಳೆ ಎಲ್ಲಾರ ಜೋಡಿ ನೋಡ್ತೇನಿ. ಬಾಳ ಚಂದ ಆಗೇತಿ ಜ್ಯೂಲಿ."

ಅವಳ ಮುಖ ಅರಳಿತು. "ಹೊಟ್ಟಿ ಒಂದ ಬಾಜೂ ಬಿಟ್ಟೇನ್ರಿ. ನಾಳೆ ಇಲ್ಲೇ ಅನ್ನಾ ಇಟ್ಟ ಮುಚ್ಚೂಣು. ಮಾವಶಿ ಬರ್ತಾಳ."

ಮರುದಿನ ಓದುವ ಕೋಣೆ ತುಂಬಿ ತುಳುಕುತ್ತಿತ್ತು. ಮಕ್ಕಳು, ತಾಯಂದಿರು, ಸಮಿತಿಯವರು. ಮಹಾಂತಪ್ಪ ಟೊಪ್ಪಿಗೆ ಸರಿ ಮಾಡಿಕೊಂಡು ರಿಬ್ಬನ್ ಕತ್ತರಿಸಿದರು. ಜ್ಯೂಲಿ ಕ್ರಿಸ್‌ಮಸ್ಸಿಗೆ ತೆಗೆದ ನೀಲಿ ಸೀರೆ ಉಟ್ಟು, ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು. ನಾನೂ ಇನ್ನೊಬ್ಬ ಹೆಂಗಸೂ ಕೌದಿ ಹಿಡಿದು ಕೊಡವಿ ನೆಲಕ್ಕೆ ಹಾಸಿದೆವು.

ಕೆಂಪು, ಹಳದಿ, ಹಸಿರು. ನಾಲ್ಕು ಮೂಲೆಗೆ ಹೂ. "ಆಹಾ" ಎಂದರು ಎಲ್ಲ.

ಆಮೇಲೆ ನಾನು ಅಕ್ಷರ ಓದಿದೆ. ಟೈಗರ್, ಸರಿ. ವಾಟರ್, ಸರಿ. ಮೂರನೇ ಸಾಲು: ಆರ್, ಇ, ಆರ್, ಆರ್, ಐ. ನಾಲ್ಕನೆಯದು: ಇ, ಡಬ್ಲ್ಯೂ, ಒ, ಪಿ, ವಿ. ಐದನೆಯದು: ಪಿ, ಎ, ಪಿ, ಆರ್, ಇ.

ಮತ್ತೊಮ್ಮೆ ಮೇಲಿನಿಂದ ಓದಿದೆ, ಅದೇ ಬಂತು.

"ರೆರ್ರಿ?" ಎಂದು ಮಹಾಂತಪ್ಪ ನಿಧಾನವಾಗಿ ಓದಿದರು. ಅವರು ಬಿ.ಕಾಂ. ಓದಿದವರು, ಬಿಡುವವರಲ್ಲ. "ಎವೋಪ್ವ್? ಇದ ಯಾವ ದೇಶದ ಇಂಗ್ಲಿಷ್ ರೀ ಅಕ್ಕೋರ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮಹಾಬಳೇಶ್ವರ ಸರ್ ನನ್ನ ಕಿವಿಯ ಹತ್ತಿರ ಬಂದು, "ಎಂತ ಟೀಚರೇ ಇದು? ಕೆಳಗಿನ ಮೂರು ಸಾಲಿನ ಮೇಲೆ ಒಂದು ಮೇಜು ಇಟ್ಟುಬಿಡುವನಾ?" ಎಂದರು.

ಹಾಲು ಉಕ್ಕಿತು. ಜ್ಯೂಲಿಯ ರಟ್ಟೆ ಹಿಡಿದು ಮೂಲೆಗೆ ಎಳೆದೆ. "ಏನ ಮಾಡಿಟ್ಟಿ ಜ್ಯೂಲಿ? ಪೋಣಿಸಿ ಕೊಟ್ಟಿದ್ದೆ, ಚುಕ್ಕಿ ಹಾಕಿ ಕೊಟ್ಟಿದ್ದೆ. ಸಾಲ ಹಿಡಕೊಂಡ ಹೋಗು ಅಂದ್ರ ಕಲಸಿ ಚೆಲ್ಲಿಬಿಟ್ಟೀಯಲ್ಲ!"

"ಇಲ್ಲರೀ ಅಕ್ಕೋರ." ಅವಳು ಕೌದಿಯ ಕಡೆ ಕೈ ಮಾಡಿದಳು. "ಒಂದ ಮಣಿ ಹಿಂದ ಮುಂದ ಆಗಿಲ್ಲ. ದಾರದಾಗ ಹೆಂಗ ಇತ್ತೋ ಹಂಗ ಹಚ್ಚೇನಿ. ಯೇಸುವಿನ ಆಣಿ."

"ಆಣಿ ಮಾಡಿದ್ರ ರೆರ್ರಿ ಶಬ್ದಾ ಆಗತೈತೇನ?"

ಎಂಥ ಎತ್ತರದ ಹೆಂಗಸು, ಒಂದು ಗಳಿಗೆಯಲ್ಲಿ ಗೇಣುದ್ದ ಆಗಿಬಿಟ್ಟಳು. "ಸಾಂಬಾರ ತಳಾ ಹತ್ತತೈತ್ರಿ" ಎಂದು ಹೇಳಿ ಅಡುಗೆ ಮನೆಗೆ ಹೊರಟುಹೋದಳು. ಸಾಂಬಾರು ಆಗಲೇ ಇಳಿಸಿಯಾಗಿತ್ತು, ನನಗೆ ಗೊತ್ತಿತ್ತು. ಶನಿವಾರದ ಪಿರಿಯಡ್ ಅವಳ ಹಿಂದೆಯೇ ಬಾಗಿಲು ದಾಟಿ ಹೋಯಿತು ಎಂದುಕೊಂಡೆ.

ಆಗ ಬಂದಳು ಸೋನುಬಾಯಿ. ಕೈಯಲ್ಲಿ ಎಲೆ, ಎಲೆಯಲ್ಲಿ ಒಂದು ತುತ್ತು ಅನ್ನ, ಸೆರಗಿಗೆ ಚುಚ್ಚಿದ ಸೂಜಿ. ಯಾರ ಮುಖವನ್ನೂ ನೋಡದೆ ಮಂದಿಯನ್ನು ಮೊಣಕೈಯಿಂದ ಸರಿಸುತ್ತ ನಡುವೆ ಬಂದಳು.

"ಕೌದಿ ಹೊಟ್ಟಿ ಹಸದ ಕುಂತೈತಿ, ನೀವೆಲ್ಲಾ ಏನ ಒಬ್ಬರ ಮಾರಿ ಒಬ್ಬರ ನೋಡಾಕತ್ತೀರಿ? ಸರೀರಿ ಅತ್ತಾಗ."

ಎಡಗಡೆ ಮೇಲಿನ ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಅವಳದೊಂದು ರೂಢಿ ಉಂಟು. ಹೊಟ್ಟೆ ಮುಚ್ಚುವ ಮೊದಲು ಸೂಜಿ ಹೋದ ದಾರಿಯಲ್ಲೇ ಒಂದು ಸಲ ಅಂಗೈಯಿಂದ ತಟ್ಟುತ್ತ ಬರುತ್ತಾಳೆ, ಎಲ್ಲಾದರೂ ಹೊಲಿಗೆ ಸಡಿಲಾಗಿದೆಯೋ ಎಂದು. ಕಣ್ಣಿಗಿಂತ ಕೈಯ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ಮೊದಲ ಚೌಕ ತಟ್ಟಿದಳು.

"ಟಿ" ಎಂದಳು ನಸ್ರೀನ. ಅಕ್ಷರ ಕಂಡರೆ ಓದದೆ ಇರುವ ಮಕ್ಕಳಲ್ಲ ಅವು, ಆಟದ ಚಟ ಹಾಗಿತ್ತು. ಮುದುಕಿ ತಟ್ಟಿದಳು, ಉಳಿದವರೂ ದನಿ ಕೂಡಿಸಿದರು. ಐ. ಜಿ. ಇ. ಆರ್.

ಮೇಲಿನ ಸಾಲು ಮುಗಿಯಿತು. ಸೋನುಬಾಯಿ ಮತ್ತೆ ಎಡಕ್ಕೆ ಬರಲಿಲ್ಲ. ಯಾಕೆ ಬರಬೇಕು? ಮೂಲೆಯಲ್ಲಿ ಹೊರಳಿ, ಬಲಗಡೆಯ ಅಂಚು ಹಿಡಿದು ಕುಕ್ಕರಗಾಲಲ್ಲೇ ಕೆಳಗೆ ಸರಿದಳು. ತಟ್ಟಿದಳು. ಆರ್. ಐ. ವಿ. ಇ. ಕೆಳಗಿನ ಮೂಲೆ ಬಂತು, ಅಲ್ಲಿಯೂ ಹೊರಳಿದಳು. ಆರ್.

ನಸ್ರೀನ ಬಾಯಿ ತೆರೆದವಳು ಹಾಗೆಯೇ ನಿಂತಳು. "ಅಕ್ಕೋರ... ರಿವರ್!"

"ಏನಂದಿ?"

"ರಿವರ್ ರೀ! ತಿರುಗಿ ಬಂತ್ರಿ!"

ಆಮೇಲೆ ಯಾರಿಗೆ ಯಾರ ಮಾತು ಕೇಳುತ್ತದೆ? ಮಕ್ಕಳೆಲ್ಲ ಮುದುಕಿಯ ಹಿಂದೆ ಕುಕ್ಕರಗಾಲಲ್ಲಿ ಸಾಲು ಹಚ್ಚಿದರು. ಅವಳು ಕೆಳಗಿನ ಅಂಚಿನಲ್ಲಿ ಎಡಕ್ಕೆ ಸರಿದು, ಮೂಲೆ ಹೊರಳಿ ಮೇಲಕ್ಕೆ ಏರುವಷ್ಟರಲ್ಲಿ ಪೇಪರ್ ಎಂದು ಕೋಣೆಯ ಮಾಡು ಹಾರಿತ್ತು. ಒಳಗಿನ ಸುತ್ತಿನಲ್ಲಿ ವಾಟರ್. ಕೊನೆಗೆ ಪಿ, ಒ, ಡಬ್ಲ್ಯೂ, ಇ, ಮತ್ತೆ ನಟ್ಟ ನಡುವೆ, ಒಂದು ಬದಿ ಹೊಲಿಯದೆ ಬಿಟ್ಟ ಆರ್.

ನನಗೆ ಆಗ ತಲೆಗೆ ಹೊಳೆಯಿತು. ಮೂಲೆಯಿಂದ ಸುರು ಮಾಡು, ಸಾಲು ಹಿಡಿದು ಹೋಗು ಎಂದಿದ್ದೆ. ಸಾಲು ಮುಗಿದ ಮೇಲೆ ಮತ್ತೆ ಎಡಕ್ಕೆ ಬಾ ಎಂದಿರಲಿಲ್ಲ. ಪುಸ್ತಕ ಓದುವವರಿಗೆ ಅದನ್ನು ಯಾರು ಹೇಳುತ್ತಾರೆ? ಕೌದಿ ಹೊಲಿಯುವವಳಿಗೆ ಮೂಲೆಯಿಂದ ಸುರು ಮಾಡುವುದು ಅಂದರೆ ಸುತ್ತಿ ಹೊಟ್ಟೆಗೆ ಬರುವುದು, ಬೇರೆ ದಾರಿಯೇ ಇಲ್ಲ. ಎರಡನೇ ಸಾಲಿನಲ್ಲಿ ವಾಟರ್ ಕಂಡದ್ದು ಬರೀ ನಸೀಬು, ಅದರ ಕಡೆಯ ಆರ್ ನಿಜವಾಗಿ ಹೊಳೆಯ ಮೊದಲ ಅಕ್ಷರ.

ಅಡುಗೆ ಮನೆಗೆ ಓಡಿದೆ. ಜ್ಯೂಲಿ ತಣ್ಣಗಾದ ಒಲೆಯ ಮುಂದೆ ಕೂತು ಊದುಗೊಳವೆ ಹಿಡಿದಿದ್ದಳು.

"ಏಳ, ಏಳ! ಎಲ್ಲಾ ಸರಿ ಐತಿ. ನೀ ತಪ್ಪಿಲ್ಲ, ತಪ್ಪಿದಾಕಿ ನಾ. ನಿನ್ನ ಕೌದಿ ಸುತ್ತ ತಿರುಗಿ ಓದಬೇಕು, ಅಷ್ಟ."

ಅವಳು ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದಳು. "ಹಾಲ ಇಳೀತೇನ್ರಿ?"

"ಇಳೀತ, ಮಾರಾಯ್ತಿ. ನಡಿ ಈಗ."

ಒಳಗೆ ಹೋದರೆ ಮಹಾಂತಪ್ಪ ಕೈ ಹಿಂದೆ ಕಟ್ಟಿಕೊಂಡು ಕೌದಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಪವರ್ ಎಂಬಲ್ಲಿಗೆ ಮುಟ್ಟಿ ನಿಂತರು. "ಸಾಲಿ ಹುಡುಗೂರನ್ನ ಒಂದ ಕಡೆ ಕುಂದ್ರಸೂದು ಎಷ್ಟ ತ್ರಾಸ್ ಐತಿ. ಇದು ಅವರನ್ನ ಎಬ್ಬಿಸಿ ತಿರುಗಿಸಿ ಓದಸ್ತೈತಲ್ಲ! ಮೇಜು ಗೀಜು ಏನೂ ಇಡಬ್ಯಾಡ್ರಿ ಸರ."

ಸೋನುಬಾಯಿ ಎಲೆ ಮುಂದೆ ಹಿಡಿದಳು. "ಮಾತ ಆಮ್ಯಾಲ. ಮೊದಲ ಅಗಳ ಹಾಕ್ರಿ ಸಾವ್ಕಾರ್ರ."

ಮಹಾಂತಪ್ಪ ಹಾಕಿದರು. ಮಹಾಬಳೇಶ್ವರ ಸರ್ ಹಾಕಿದರು. ನಸ್ರೀನ ಒಂದು ಅಗುಳು ಕೌದಿಗೆ ಹಾಕಿ ಇನ್ನೊಂದು ತನ್ನ ಬಾಯಿಗೆ ಹಾಕಿಕೊಂಡಳು. ಜ್ಯೂಲಿ ಸೂಜಿ ತೆಗೆದುಕೊಂಡು ಕಡೆಯ ಬದಿ ಹೊಲಿದು ದಾರ ಹಲ್ಲಿನಿಂದ ಕಡಿದಳು. ಮುಖ್ಯೋಪಾಧ್ಯಾಯರು ಜೀವಮಾನದಲ್ಲಿ ಮೊದಲ ಸಲವೋ ಏನೋ ಸ್ಪಷ್ಟವಾಗಿ ಒಂದು ಮಾತು ಹೇಳಿದರು. "ಬರುವ ಶನಿವಾರ ಮೂರನೇ ಪಿರಿಯಡ್. ಜ್ಯೂಲಿಯದ್ದು."

ಆ ಶನಿವಾರ ನಾನು ಸಾಂಬಾರಿಗೆ ಉಪ್ಪು ಹಾಕಿ, ಒಲೆ ಸಣ್ಣ ಮಾಡಿ, ಹಿಂದಿನ ಬೆಂಚಿನಲ್ಲಿ ಬಂದು ಕೂತೆ. ಜ್ಯೂಲಿ ಅದೇ ನೀಲಿ ಸೀರೆಯಲ್ಲಿ ಬೋರ್ಡಿನ ಮುಂದೆ ನಿಂತಿದ್ದಳು. ನಿಂತೇ ಇದ್ದಳು. ಗೋಡೆಯಾಚೆಯಿಂದ ಸೌಟು ತೂರಿಸಿ ಶಬ್ದ ಎಸೆಯುತ್ತಿದ್ದ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಮಕ್ಕಳು "ಜ್ಯೂಲಕ್ಕಾ, ಸುರು ಮಾಡ" ಎಂದು ಗುಸುಗುಸು ಸುರು ಮಾಡಿದರು. ಒಬ್ಬನಂತೂ ಇವತ್ತು ತತ್ತಿ ಐತೇನು ಎಂದು ಕೇಳಿದ. ಅವಳು ನನ್ನ ಕಡೆ ನೋಡಿದಳು, ನೀವೇ ಎದ್ದು ಬನ್ನಿ ಎಂಬ ಹಾಗೆ. ನಾನು ತಲೆ ಅಲ್ಲಾಡಿಸಿ ಕೂತಲ್ಲೇ ಕೂತೆ.

ಆಗ ಬಾಗಿಲಲ್ಲಿ ನೆರಳು ಬಿತ್ತು. ಸೋನುಬಾಯಿ. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಹರಕು ಬಟ್ಟೆಯ ಗಂಟು. ಹೊಸ್ತಿಲ ಹೊರಗೆ ಎರಡೂ ಕಾಲು ಕೂಡಿಸಿ ನಿಂತು ಚಾಳೀಸು ಸರಿ ಮಾಡಿಕೊಂಡಳು.

"ಒಳಗ ಬರ್ಲೇನ್ರಿ, ಅಕ್ಕೋರ?"

ನನ್ನನ್ನು ಕೇಳಿದ್ದಲ್ಲ. ಜ್ಯೂಲಿಯನ್ನು ಕೇಳಿದ್ದು. ಜ್ಯೂಲಿಯ ಕೈ ಸೆರಗಿನ ಮೇಲೆ ಹಾಗೇ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಮಕ್ಕಳಿಗೆ ಅದೆಲ್ಲ ಏನು ಗೊತ್ತು? "ತಡಾ ಆತು! ತಡಾ ಆತು! ಶಬ್ದಾ ಹೇಳಬೇಕು!" ಎಂದು ಬೆಂಚು ಬಡಿದರು. "ಐದ ಅಕ್ಷರದ್ದು, ಆಯೀ!"

ಸೋನುಬಾಯಿ ಯೋಚಿಸಲಿಲ್ಲ. ಅವಳಿಗೆ ಬರುತ್ತಿದ್ದದ್ದನ್ನು ಹೇಳಿದಳು. "ಜ್ಯೂಲಿ."

ನಸ್ರೀನ ಓಡಿಹೋಗಿ ಬೋರ್ಡಿನ ಮೇಲೆ ಐದು ಮನೆ ಎಳೆದು ತುಂಬಿದಳು. ಜೆ, ಯು, ಎಲ್, ಐ, ಇ. "ಐದ ಅದಾವ!" ಎಂದು ಕುಣಿದವಳು ತಕ್ಷಣ ಮುಖ ಸಣ್ಣದು ಮಾಡಿದಳು. "ಆದ್ರ ಹೆಸರ ನಡ್ಯೂದಿಲ್ಲಲ್ರಿ." ಎಲ್ಲರೂ ಹೊರಳಿ ನನ್ನ ಕಡೆ ನೋಡಿದರು. ನಾನು ಬೋರ್ಡಿನ ಕಡೆ ಕೈ ತೋರಿಸಿದೆ. ಇವತ್ತಿನ ಅಕ್ಕೋರು ಅಲ್ಲಿದ್ದಾರೆ, ಅವರನ್ನು ಕೇಳಿ.

ಜ್ಯೂಲಿ ಬೋರ್ಡಿನ ಮೇಲಿದ್ದ ತನ್ನ ಹೆಸರನ್ನು ನೋಡಿದಳು. ಒಂದೊಂದೇ ಮನೆ ಬೆರಳಿಂದ ಮುಟ್ಟಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿ, ಬಸ್‌ಸ್ಟ್ಯಾಂಡಿಗೆ ಕೇಳುವ ತನ್ನ ದನಿಯಲ್ಲಿ ಹೇಳಿದಳು.

"ಇವತ್ತ ನಡೀತೈತಿ. ಬಾ ಮಾವಶಿ, ಮುಂದಿನ ಸಾಲಿನ್ಯಾಗ ಕುಂದ್ರು. ಗದ್ದಲಾ ಮಾಡಬ್ಯಾಡ. ಎಲ್ಲಾರೂ ಬಟ್ಟಿ ತಗೀರಿ, ಮೂಲಿಯಿಂದ ಸುರು ಮಾಡೂಣು."